ಯುಎ ಮುಂದಿನ ಅಂಕಿ: ಅಂಧೇರಿಯ ಎಡಿಟ್ ರೂಮಿನಿಂದ ಪೆಡ್ಡರ್ ರೋಡಿನವರೆಗೆ

ಕನ್ನಡ ಚಿತ್ರವೊಂದು ಹಿಂದಿಗೆ ಡಬ್ ಆಗಿ ಉತ್ತರದ ಥಿಯೇಟರುಗಳಿಗೆ ಹೋಗಬೇಕಾದರೆ ಅದರ ಕೊನೆಯ ಹಂತದ ಕೆಲಸ ಬಹುಪಾಲು ಮುಂಬೈಯಲ್ಲಿ ನಡೆಯುತ್ತದೆ. ಡಬ್ಬಿಂಗ್, ಮಿಕ್ಸಿಂಗ್, ಮಾಸ್ಟರಿಂಗ್ ಎಲ್ಲ ಅಂಧೇರಿ ಪಶ್ಚಿಮ, ಓಶಿವಾರಾ, ಗೋರೆಗಾಂವ್ ಸುತ್ತಿನ ಸ್ಟುಡಿಯೋಗಳಲ್ಲಿ. ಸೆನ್ಸಾರ್ ಪೆಡ್ಡರ್ ರೋಡಿನ ಫಿಲ್ಮ್ಸ್ ಡಿವಿಷನ್ ಆವರಣದಲ್ಲಿ, ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿಯ ಮುಂದೆ. ಈ ಎರಡು ಜಾಗಗಳ ನಡುವೆ ಹಾರ್ಡ್ ಡಿಸ್ಕು, ಕಾಗದ ಹಿಡಿದು ಓಡಾಡುವ ಪೋಸ್ಟ್ ಪ್ರೊಡಕ್ಷನ್ ಕೆಲಸ ನಮ್ಮದು.

ನಮಗೆ ಬರುವ ಪ್ರಶ್ನೆ ಎರಡೇ. ಬೆಂಗಳೂರಿನಿಂದ ನಿರ್ಮಾಪಕರು ಫೋನ್ ಮಾಡಿ, 'ಸರ್, ಯುಎ 13 ಗ್ಯಾರಂಟಿ ಸಿಗುತ್ತಲ್ವಾ?' ಅನ್ನುತ್ತಾರೆ. ಮಾಟುಂಗ, ಡೊಂಬಿವಲಿ ಕಡೆಯ ನಮ್ಮವರು, 'ಇದಕ್ಕೆ ಮಗೂನ ಕರ್ಕೊಂಡು ಹೋಗಬಹುದಾ?' ಎಂದು ಕೇಳುತ್ತಾರೆ. ಎರಡಕ್ಕೂ ಉತ್ತರ ಇರುವುದು ಪ್ರಮಾಣಪತ್ರದ ಮೇಲಿನ ಅದೇ ಗುರುತಿನಲ್ಲಿ. ಆ ಗುರುತಿನ ಅರ್ಥವನ್ನು ಮೊದಲು ಹೇಳಿಬಿಡುತ್ತೇವೆ. ಅದು ಗೊತ್ತಿಲ್ಲದೆ ಅರ್ಜಿ ಹಾಕಿದ ನಿರ್ಮಾಪಕರು ಬೇಡದ ಜಾಗದಲ್ಲಿ ಹಟ ಹಿಡಿದು ಒಳ್ಳೆಯ ದೃಶ್ಯ ಕಳೆದುಕೊಳ್ಳುತ್ತಾರೆ.

1949ರ ತಿದ್ದುಪಡಿಯಿಂದ ನಮ್ಮಲ್ಲಿ ಯು ಮತ್ತು ಎ ಎಂಬ ಎರಡೇ ವರ್ಗಗಳಿದ್ದವು. ಯು ಎಲ್ಲರಿಗೂ, ಎ 18 ತುಂಬಿದವರಿಗೆ ಮಾತ್ರ. 1983ರಲ್ಲಿ ಯುಎ ಮತ್ತು ಎಸ್ ಸೇರಿದವು. ಎಸ್ ವೈದ್ಯರಂಥ ನಿರ್ದಿಷ್ಟ ವೃತ್ತಿಯವರಿಗೆ ಮೀಸಲಾದ ವರ್ಗ, ಥಿಯೇಟರ್ ವ್ಯವಹಾರದಲ್ಲಿ ಅದು ಎದುರಾಗುವುದೇ ಅಪರೂಪ. ಯುಎ ಎಂದರೆ 12 ವರ್ಷದೊಳಗಿನವರಿಗೆ ಹೆತ್ತವರ ಮಾರ್ಗದರ್ಶನ ಬೇಕು ಎಂದಾಗಿತ್ತು. ಅದರೊಳಗೆ ಸಣ್ಣ ಜಗಳವಿರುವ ಕೌಟುಂಬಿಕ ಚಿತ್ರವೂ ಬರುತ್ತಿತ್ತು, ತೆರೆಯ ತುಂಬ ರಕ್ತ ಹರಿಯುವ ಚಿತ್ರವೂ ಬರುತ್ತಿತ್ತು. ಶ್ಯಾಮ್ ಬೆನಗಲ್ ಅಧ್ಯಕ್ಷತೆಯ ಸಮಿತಿ 2016ರಲ್ಲೇ ಇದನ್ನು ವಯಸ್ಸಿನ ಪ್ರಕಾರ ಒಡೆಯಬೇಕೆಂದು ಹೇಳಿತ್ತು. ಅದು ಕಾನೂನಾದದ್ದು 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆಯಲ್ಲಿ. ಅದಕ್ಕೆ ತಕ್ಕ ಹೊಸ ಪ್ರಮಾಣೀಕರಣ ನಿಯಮಗಳು 2024ರ ಮಾರ್ಚ್‌ನಲ್ಲಿ ಬಂದವು. ಈಗ ಯುಎ ಅನ್ನುವುದು ಯುಎ 7+, ಯುಎ 13+, ಯುಎ 16+ ಎಂದು ಮೂರಾಗಿದೆ.

ಜನ ಹೆಚ್ಚಾಗಿ ತಪ್ಪು ತಿಳಿಯುವುದು ಇಲ್ಲೇ. ಎ ಅನ್ನುವುದು ನಿಷೇಧ. 18 ತುಂಬದವರನ್ನು ಎ ಚಿತ್ರಕ್ಕೆ ಒಳಗೆ ಬಿಟ್ಟರೆ ಥಿಯೇಟರಿನವರು ಕಾನೂನು ಮುರಿದಂತೆ. ಹೆತ್ತವರು ಜೊತೆಗಿದ್ದರೂ ಅದು ಬದಲಾಗುವುದಿಲ್ಲ. ಯುಎ ಮುಂದಿನ ಅಂಕಿಯ ಸ್ವಭಾವ ಬೇರೆ. ಅದು ಹೆತ್ತವರಿಗೆ, ಪೋಷಕರಿಗೆ ಕೊಟ್ಟ ಮಾಹಿತಿ, ಅವರನ್ನು ಬಿಟ್ಟು ಬೇರೆ ಯಾರೂ ಅದನ್ನು ಜಾರಿ ಮಾಡುವಂತಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಯುಎ 16+ ಚಿತ್ರಕ್ಕೆ ಅಪ್ಪ ಅಮ್ಮ 10 ವರ್ಷದ ಮಗುವನ್ನು ಕರೆದುಕೊಂಡು ಬಂದರೆ, 'ವಯಸ್ಸಾಗಿಲ್ಲ, ಹೋಗಿ' ಎಂದು ಗೇಟಿನಲ್ಲಿ ವಾಪಸ್ ಕಳಿಸುವ ಅಧಿಕಾರ ಯಾರಿಗೂ ಇಲ್ಲ. ಮುಂಬೈಯಲ್ಲಿ ಕನ್ನಡ ಚಿತ್ರಕ್ಕೆ ಸಿಗುವುದೇ ಭಾನುವಾರದ ಒಂದೋ ಎರಡೋ ಶೋ, ಜನ ಮನೆಮಂದಿಯೆಲ್ಲ ಸೇರಿ ಬರುತ್ತಾರೆ. ಹಾಗಾಗಿ ಈ ವ್ಯತ್ಯಾಸ ಗೇಟಿನ ಸಿಬ್ಬಂದಿಗೂ ಗೊತ್ತಿರಬೇಕು, ಟಿಕೆಟ್ ಕೊಂಡವರಿಗೂ ಗೊತ್ತಿರಬೇಕು.

ಇದರ ಇನ್ನೊಂದು ಮುಖ ಗಂಭೀರವಾದದ್ದು. ಬಾಗಿಲಲ್ಲಿ ತಡೆಯುವವರು ಇಲ್ಲ ಎಂದ ಮೇಲೆ ಆ ಅಂಕಿ ಪ್ರಾಮಾಣಿಕವಾಗಿರುವುದೊಂದೇ ಮಗುವಿಗಿರುವ ರಕ್ಷಣೆ. 16+ ಎಂದು ಬರಬೇಕಾದ ಚಿತ್ರಕ್ಕೆ ಒತ್ತಾಯದಿಂದ 13+ ಬರೆಸಿಕೊಂಡರೆ ಮೋಸ ಹೋಗುವುದು ಆ ಗುರುತನ್ನು ನಂಬಿ ಬಂದ ತಾಯಿ. ಇದನ್ನು ನಿರ್ಮಾಪಕರಿಗೆ ನಾವು ಮೊದಲ ಮಾತುಕತೆಯಲ್ಲೇ ಹೇಳುತ್ತೇವೆ.

ವಿದೇಶದ ಗುರುತುಗಳನ್ನು ಇದರ ಜೊತೆ ಕಲಸಬಾರದು. ಬ್ರಿಟನ್ನಿನಲ್ಲಿ 2002ರಿಂದಿರುವ 12ಎ ಗುರುತಿನ ಚಿತ್ರಕ್ಕೆ 12ರೊಳಗಿನ ಮಗು ದೊಡ್ಡವರ ಜೊತೆ ಹೋಗಬಹುದು, 15 ಗುರುತಿನದಕ್ಕೆ ಯಾರ ಜೊತೆಗೂ ಹೋಗುವಂತಿಲ್ಲ. ಅಮೆರಿಕದ ಪಿಜಿ-13, ಆರ್ ಮುಂತಾದವು ಸಿನಿಮಾ ಉದ್ಯಮವೇ ಮಾಡಿಕೊಂಡ ಏರ್ಪಾಡು, ಸರ್ಕಾರದ ಕಾನೂನಲ್ಲ. ನಮ್ಮ ಮೂರು ಯುಎಗಳು ಇವುಗಳಲ್ಲಿ ಯಾವುದಕ್ಕೂ ಸರಿಸಮ ಅಲ್ಲ.

ಇನ್ನು ಕೆಲಸದ ವಿಷಯ. ಸೆನ್ಸಾರ್ ತಡವಾಯಿತು ಎಂದು ಕೇಳಿಬಂದಾಗ ಎಲ್ಲರೂ ಕತ್ತರಿಯ ಕಡೆ ನೋಡುತ್ತಾರೆ. ನಾವು ಕಂಡಂತೆ ತಡಕ್ಕೆ ಕಾರಣ ಬಹುಪಾಲು ಫೈಲು, ಕಾಗದ.

ಮೊದಲನೆಯದು ಅವಧಿ. ಅರ್ಜಿಯಲ್ಲಿ ಬರೆದ ನಿಮಿಷ, ಸೆಕೆಂಡುಗಳೂ ತೆರೆಯ ಮೇಲೆ ಓಡುವ ಅವಧಿಯೂ ಒಂದೇ ಆಗಿರಬೇಕು. ಶುಲ್ಕ ಲೆಕ್ಕವಾಗುವುದೂ ಅವಧಿಯ ಮೇಲೆಯೇ. ಚಿತ್ರ 72 ನಿಮಿಷದೊಳಗಿದ್ದರೆ ಕಿರುಚಿತ್ರ, ಮೇಲಿದ್ದರೆ ಪೂರ್ಣಾವಧಿ ಚಿತ್ರ, ಅದಕ್ಕೆ ತಕ್ಕಂತೆ ಚಿತ್ರ ನೋಡುವ ಮಂಡಳಿಯ ಸಮಿತಿಯ ಗಾತ್ರವೂ ಬದಲಾಗುತ್ತದೆ. ಅವಧಿ ತಪ್ಪುವುದು ಹೆಚ್ಚಾಗಿ ಫ್ರೇಮ್ ರೇಟಿನಿಂದ. ಎಡಿಟ್ ಟೈಮ್‌ಲೈನ್ ಸೆಕೆಂಡಿಗೆ 24 ಫ್ರೇಮಿನಲ್ಲಿದ್ದು, ನೋಡಲೆಂದು ತೆಗೆದ ಫೈಲು 25ರಲ್ಲಿ ಓಡಿದರೆ 150 ನಿಮಿಷದ ಚಿತ್ರ 144 ನಿಮಿಷಕ್ಕೆ ಮುಗಿಯುತ್ತದೆ. ಆ ಫೈಲು ನೋಡಿ ಯಾರೋ ಅವಧಿ ಬರೆದಿರುತ್ತಾರೆ. ಅರ್ಜಿಯ ಅಂಕಿಯನ್ನು ಯಾವತ್ತೂ ಅಂತಿಮ ಡಿಸಿಪಿಯಿಂದಲೇ, ಅಂದರೆ ಥಿಯೇಟರಿನಲ್ಲಿ ಓಡುವ ಡಿಜಿಟಲ್ ಪ್ರತಿಯಿಂದಲೇ, ತೆಗೆದುಕೊಳ್ಳಬೇಕು, ಎಡಿಟ್ ರೂಮಿನ ನೆನಪಿನಿಂದಲ್ಲ.

ಎರಡನೆಯದು ಸ್ಕ್ರಿಪ್ಟ್. ಶೂಟಿಂಗಿಗೆ ಮುಂಚೆ ಬರೆದದ್ದನ್ನು ಕಳಿಸಬಾರದು. ಮುಗಿದ ಚಿತ್ರವನ್ನು ಕೇಳಿಕೊಂಡು ಸಾಲು ಸಾಲಾಗಿ ಇಳಿಸಿದ ಸಂಭಾಷಣೆ ಬೇಕು, ಹಾಡುಗಳ ಸಾಹಿತ್ಯ ಪೂರ್ತಿ ಬೇಕು. ಡಬ್ಬಿಂಗ್ ಚಿತ್ರದಲ್ಲಿ ಇದು ಇನ್ನೂ ಸೂಕ್ಷ್ಮ. ತುಟಿಗೆ ಹೊಂದಿಸಲು ಹಿಂದಿ ಸಾಲುಗಳನ್ನು ಸ್ಟುಡಿಯೋದಲ್ಲೇ ಬದಲಿಸಿರುತ್ತಾರೆ, ಆ ಬದಲಾವಣೆ ಕಾಗದಕ್ಕೆ ಬಂದಿರುವುದಿಲ್ಲ. ಗುಂಪಿನ ದೃಶ್ಯಗಳಲ್ಲಂತೂ ಹಿನ್ನೆಲೆ ಧ್ವನಿ ಕೊಡುವವರು ಆ ಕ್ಷಣಕ್ಕೆ ತೋಚಿದ್ದನ್ನು ಕೂಗಿರುತ್ತಾರೆ, ಅದರಲ್ಲಿ ಬೈಗುಳ ಇದ್ದರೆ ಸ್ಕ್ರಿಪ್ಟಿನಲ್ಲಿ ಇಲ್ಲದ ಮಾತು ಪ್ರದರ್ಶನದ ಹೊತ್ತಿಗೆ ಕಿವಿಗೆ ಬೀಳುತ್ತದೆ. ಮಿಕ್ಸಿಂಗ್ ಮುಗಿದ ಮೇಲೆ ಗುಂಪಿನ ಟ್ರ್ಯಾಕ್ ಒಂದನ್ನೇ ಹಾಕಿಕೊಂಡು ಒಮ್ಮೆ ಕೇಳುವುದಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. ಮೂಲ ಕನ್ನಡಕ್ಕೆ ಬೆಂಗಳೂರಿನಲ್ಲಿ ಸಿಕ್ಕ ಗುರುತೇ ಹಿಂದಿಗೂ ಬರುತ್ತದೆ ಅನ್ನುವ ನಂಬಿಕೆಯೂ ಬೇಡ. ಡಬ್ಬಿಂಗ್ ಆವೃತ್ತಿಯನ್ನೂ ಮಂಡಳಿ ಅದರ ಸಂಭಾಷಣೆ ಕೇಳಿಯೇ ತೀರ್ಮಾನಿಸುತ್ತದೆ. ಹಿಂದಿ ಸಂಭಾಷಣೆಕಾರರು ಖಾರ ಹೆಚ್ಚಿಸಿದ್ದರೆ ಅಂಕಿಯೂ ಏರುತ್ತದೆ.

ಮೂರನೆಯದು ತಂಬಾಕು. ಪಾತ್ರಧಾರಿ ಒಂದು ಬೀಡಿ ಹಚ್ಚಿದರೂ 2012ರ ನಿಯಮಗಳು ಅನ್ವಯಿಸುತ್ತವೆ. ಚಿತ್ರದ ಆರಂಭದಲ್ಲಿ ಕನಿಷ್ಠ 30 ಸೆಕೆಂಡಿನ ಆರೋಗ್ಯ ಸಂದೇಶ, ಕನಿಷ್ಠ 20 ಸೆಕೆಂಡಿನ ದೃಶ್ಯ-ಶ್ರವ್ಯ ಎಚ್ಚರಿಕೆ. ಮಧ್ಯದಲ್ಲಿ ಮತ್ತೆ ಅವೆರಡೂ. ಒಟ್ಟು 100 ಸೆಕೆಂಡು. ಮಧ್ಯದ್ದನ್ನು ಸಾಮಾನ್ಯವಾಗಿ ಇಂಟರ್ವಲ್ ಮುಗಿದ ತಕ್ಷಣ ಹಾಕುತ್ತೇವೆ. ಇದಲ್ಲದೆ ತಂಬಾಕು ಕಾಣುವಷ್ಟು ಹೊತ್ತೂ ತೆರೆಯ ಕೆಳಭಾಗದಲ್ಲಿ ಬಿಳಿ ಪಟ್ಟಿಯ ಮೇಲೆ ಕಪ್ಪು ಅಕ್ಷರದ ಎಚ್ಚರಿಕೆ ಇರಬೇಕು. ಇದೆಲ್ಲ ಚಿತ್ರದ ಭಾಷೆಯಲ್ಲೇ ಇರಬೇಕು. ಕನ್ನಡದಿಂದ ಬರುವ ಚಿತ್ರಗಳು ಸಿಕ್ಕಿಬೀಳುವ ಜಾಗ ಇದು: ಬೆಂಗಳೂರಿನಿಂದ ಬಂದ ಮಾಸ್ಟರಿನಲ್ಲಿ ಕನ್ನಡದ ಎಚ್ಚರಿಕೆ ಚಿತ್ರದೊಳಗೇ ಅಚ್ಚಾಗಿ ಕೂತಿರುತ್ತದೆ, ಅದರ ಮೇಲೆ ಹಿಂದಿ ಬರೆಯಲು ಆಗುವುದಿಲ್ಲ. ಹಕ್ಕು ಕೊಳ್ಳುವ ಒಪ್ಪಂದದಲ್ಲೇ ಅಕ್ಷರವಿಲ್ಲದ ಮಾಸ್ಟರ್, ಅಂದರೆ ಟೆಕ್ಸ್ಟ್‌ಲೆಸ್, ಜೊತೆಗೆ ಸಂಭಾಷಣೆಯಿಲ್ಲದ ಸಂಗೀತ ಮತ್ತು ಶಬ್ದದ ಟ್ರ್ಯಾಕ್ ಕೊಡಬೇಕೆಂದು ಬರೆಸಿಕೊಳ್ಳಿ. ಬಿಡುಗಡೆಗೆ ಎರಡು ವಾರ ಉಳಿದಾಗ ಕೇಳಿದರೆ ಹಳೆಯ ಪ್ರಾಜೆಕ್ಟ್ ತೆರೆದು, ಬಣ್ಣ ತಿದ್ದಿದ ರೀಲುಗಳನ್ನು ಮತ್ತೆ ತೆಗೆಸುವಷ್ಟರಲ್ಲಿ ದಿನಾಂಕ ಕೈತಪ್ಪುತ್ತದೆ.

ನಾಲ್ಕನೆಯದು ಪ್ರಾಣಿ. ನಾಯಿ, ಕುದುರೆ, ಎತ್ತು, ಕೋಳಿ ಯಾವುದೇ ಇರಲಿ, ಶೂಟಿಂಗಿಗೆ ಮುಂಚೆಯೇ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಪಡೆದು, ಮುಗಿದ ಮೇಲೆ ನಿರಾಕ್ಷೇಪಣಾ ಪತ್ರ ತರಬೇಕು. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಬಳಸುವುದೇ ನಿಷೇಧ. 2011ರಲ್ಲಿ ಆ ಪಟ್ಟಿಗೆ ಗೂಳಿ ಸೇರಿತು. ನಮ್ಮ ಕಡೆಯ ಕಥೆಗಳಲ್ಲಿ ಜಾತ್ರೆ, ಕಂಬಳ, ಕೋಳಿ ಅಂಕ ಸಹಜವಾಗಿ ಬರುತ್ತವೆ. ಸಾಕ್ಷ್ಯಚಿತ್ರದ ಹಾಗೆ ನಿಜವಾದ ಜಾತ್ರೆಯಲ್ಲೇ ಹಿಡಿದ ಶಾಟ್ ಆದರೂ ಪತ್ರ ಕೇಳುತ್ತಾರೆ. ಪತ್ರ ಇಲ್ಲದಿದ್ದರೆ ಆ ಶಾಟ್ ತೆಗೆಯಬೇಕಾಗುತ್ತದೆ, ಶೂಟಿಂಗ್ ಮುಗಿದ ಮೇಲೆ ಮುಂಚಿತ ಅನುಮತಿ ಪಡೆಯುವ ದಾರಿ ಇರುವುದಿಲ್ಲವಲ್ಲ. ಕಂಪ್ಯೂಟರಿನಲ್ಲಿ ಮಾಡಿದ ಪ್ರಾಣಿಯಾದರೆ ಆ ದೃಶ್ಯದುದ್ದಕ್ಕೂ 'ಸಿಜಿಐ' ಎಂದು ಮೂಲೆಯಲ್ಲಿ ಬರೆದು, ಗ್ರಾಫಿಕ್ಸ್ ಮಾಡಿದವರಿಂದ ಪತ್ರವನ್ನೂ ತೆಗೆದಿಟ್ಟುಕೊಂಡಿರಬೇಕು.

ಅರ್ಜಿ ಹೋಗುವುದು ಇ-ಸಿನೆಪ್ರಮಾಣ್ ಪೋರ್ಟಲ್ ಮೂಲಕ. ನಿರ್ಮಾಪಕರ ಹೆಸರಿನಲ್ಲಿ ಖಾತೆ ತೆರೆದು, ಚಿತ್ರದ ವಿವರ, ಕಥಾಸಾರ, ಸ್ಕ್ರಿಪ್ಟ್, ಹಾಡು, ಶೀರ್ಷಿಕೆ ಪಟ್ಟಿ ಸೇರಿಸಿ ಶುಲ್ಕ ಕಟ್ಟಬೇಕು. ಖಾತೆಯ ಮೊಬೈಲ್ ನಂಬರು, ಇಮೇಲು ನಿರ್ಮಾಪಕರದ್ದೇ ಇರಲಿ. ಮಧ್ಯವರ್ತಿಯ ನಂಬರು ಕೊಟ್ಟರೆ ಮಂಡಳಿಯ ಪತ್ರ ಅವರ ಫೋನಿನಲ್ಲಿ ತೆರೆಯದೇ ಬಿದ್ದಿರುತ್ತದೆ, ಉತ್ತರ ಕೊಡುವ ಗಡುವು ಮಾತ್ರ ಓಡುತ್ತಲೇ ಇರುತ್ತದೆ. ಹೊಸ ನಿಯಮಗಳ ಪ್ರಕಾರ ಇಡೀ ಪ್ರಕ್ರಿಯೆಗೆ ಗರಿಷ್ಠ 48 ಕೆಲಸದ ದಿನ, ಹಳೆಯ ನಿಯಮಗಳಲ್ಲಿ 68 ದಿನ ಇತ್ತು. ವಾಸ್ತವದಲ್ಲಿ ಇದಕ್ಕಿಂತ ಬೇಗ ಆಗುವುದೇ ಹೆಚ್ಚು, ತುರ್ತಿದ್ದರೆ ಹೆಚ್ಚಿನ ಶುಲ್ಕ ಕಟ್ಟಿ ಆದ್ಯತೆಯ ಮೇಲೆ ತೋರಿಸುವ ಅವಕಾಶವೂ ಇದೆ. ಹಾಗೆಂದು ಬಿಡುಗಡೆಯ ದಿನಾಂಕವನ್ನು ಆ ಆದ್ಯತೆಯ ಮೇಲೆ ಕಟ್ಟಬೇಡಿ. ಕಟ್ ಬಂದರೆ ಅದನ್ನು ಮಾಡಿ ತೋರಿಸುವ ಸಮಯ ನಿಮ್ಮದು, ಮಂಡಳಿಯದ್ದಲ್ಲ.

ಪ್ರದರ್ಶನಕ್ಕೆ ಥಿಯೇಟರ್, ದಿನ, ಹೊತ್ತು ಗೊತ್ತಾದ ಮೇಲೆ ಡಿಸಿಪಿ ಮತ್ತು ಅದನ್ನು ತೆರೆಯುವ ಕೀಲಿ, ಅಂದರೆ ಕೆಡಿಎಂ, ತಲುಪಿಸಬೇಕು. ಡಿಸ್ಕನ್ನು ಇಎಕ್ಸ್‌ಟಿ2 ಅಥವಾ ಇಎಕ್ಸ್‌ಟಿ3 ಮಾದರಿಯಲ್ಲಿ, ಇನೋಡ್ ಎಂಬ ಸೆಟ್ಟಿಂಗಿನ ಗಾತ್ರ 128 ಇಟ್ಟು ಫಾರ್ಮ್ಯಾಟ್ ಮಾಡಿ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ತೆರೆದ ಎನ್‌ಟಿಎಫ್‌ಎಸ್ ಡಿಸ್ಕನ್ನು ಅನೇಕ ಸಿನಿಮಾ ಸರ್ವರುಗಳು ಓದುವುದೇ ಇಲ್ಲ. ಎರಡೂವರೆ ಗಂಟೆಯ ಚಿತ್ರ ನೂರಾರು ಜಿಬಿ ತೂಗುತ್ತದೆ, ಸರ್ವರಿಗೆ ಇಳಿಯಲು ಗಂಟೆಗಟ್ಟಲೆ ಬೇಕು, ಆದ್ದರಿಂದ ಹಿಂದಿನ ದಿನವೇ ಕೊಡಿ. ಕೆಡಿಎಂ ಅನ್ನುವುದು ಆ ಒಂದು ಥಿಯೇಟರಿನ ಆ ಒಂದು ಸರ್ವರಿಗೆ, ಇಂತಿಷ್ಟು ಹೊತ್ತಿಗೆ ಮಾತ್ರ ನಡೆಯುವ ಕೀಲಿ. ಥಿಯೇಟರಿನವರು ಸರ್ವರ್ ಬದಲಿಸಿದ್ದರೆ ಹಳೆಯ ಪಟ್ಟಿ ನೋಡಿ ಮಾಡಿದ ಕೀಲಿ ಕೆಲಸಕ್ಕೆ ಬಾರದು. ಇದಕ್ಕಿಂತ ಹೆಚ್ಚು ಕಾಡುವುದು ಸಮಯದ ವಲಯ. ಬೆಳಿಗ್ಗೆ 10ರ ಶೋಗೆ ಕೀಲಿ ಮಾಡುವವರು 10 ಎಂದು ಯುಟಿಸಿಯಲ್ಲಿ, ಅಂದರೆ ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಪ್ರಮಾಣ ಸಮಯದಲ್ಲಿ, ಹಾಕಿದರೆ ಅದು ತೆರೆಯುವುದು ನಮ್ಮ ಮಧ್ಯಾಹ್ನ 3:30ಕ್ಕೆ. ಅಷ್ಟರಲ್ಲಿ ಸಮಿತಿಯವರು ಬಂದು ಕೂತು ಎದ್ದು ಹೋಗಿರುತ್ತಾರೆ, ಮುಂದಿನ ದಿನಾಂಕಕ್ಕೆ ಮತ್ತೆ ಕಾಯಬೇಕು. ಹಿಂದಿನ ಸಂಜೆಯಿಂದ ಮರುದಿನ ರಾತ್ರಿಯವರೆಗೆ ತೆರೆದಿರುವ ಕೀಲಿ ಕೇಳಿ, ಸರ್ವರಿಗೆ ಹಾಕಿದ ಮೇಲೆ ಪ್ರತಿ ರೀಲಿನಿಂದ ಒಂದೊಂದು ನಿಮಿಷ ಓಡಿಸಿ ನೋಡಿಯೇ ಅಲ್ಲಿಂದ ಹೊರಡಿ.

ಪೂರ್ಣಾವಧಿ ಚಿತ್ರವನ್ನು ಪರಿಶೀಲನಾ ಸಮಿತಿ ನೋಡುತ್ತದೆ, ನಮ್ಮ ಮಾತಿನಲ್ಲಿ ಇಸಿ. ಅದರಲ್ಲಿ ಮಂಡಳಿಯ ಅಧಿಕಾರಿಯ ಜೊತೆ ಸಲಹಾ ಸಮಿತಿಯ ಸದಸ್ಯರಿರುತ್ತಾರೆ, ಮಹಿಳೆಯರು ಇರಲೇಬೇಕು. ಚಿತ್ರ ಓಡುವಾಗ ನಿರ್ಮಾಪಕ, ನಿರ್ದೇಶಕ ಹೊರಗೆ. ಮುಗಿದ ಮೇಲೆ ಸದಸ್ಯರು ಚರ್ಚಿಸಿ ತಮ್ಮ ಅಭಿಪ್ರಾಯ ಬರೆಯುತ್ತಾರೆ, ಅರ್ಜಿದಾರರನ್ನು ಕರೆದು ಮಾತಾಡುತ್ತಾರೆ. ಅವರ ಕೈಯಲ್ಲಿರುವ ಅಳತೆಗೋಲು ಎಂದರೆ ಕಾಯ್ದೆಯ 5ಬಿ ವಿಧಿ ಮತ್ತು 1991ರ ಮಾರ್ಗಸೂಚಿ. ದೇಶದ ಭದ್ರತೆ, ಸಾರ್ವಜನಿಕ ಶಾಂತಿ, ಸಭ್ಯತೆ, ಮಾನಹಾನಿ, ನ್ಯಾಯಾಂಗ ನಿಂದನೆ, ಅಪರಾಧಕ್ಕೆ ಪ್ರಚೋದನೆ ಇವು 5ಬಿಯಲ್ಲಿವೆ. ಹಿಂಸೆಯಲ್ಲಿ ಮಕ್ಕಳನ್ನು ತೊಡಗಿಸುವುದು, ಹೆಣ್ಣನ್ನು ಕೀಳಾಗಿ ಕಾಣಿಸುವುದು, ಮಾದಕ ವಸ್ತುವನ್ನು ವೈಭವೀಕರಿಸುವುದು ಇವನ್ನೆಲ್ಲ ಮಾರ್ಗಸೂಚಿ ಬಿಡಿಸಿ ಹೇಳುತ್ತದೆ. ಅದೇ ಮಾರ್ಗಸೂಚಿಯಲ್ಲಿ ನಿರ್ದೇಶಕರಿಗೆ ಬಲ ಕೊಡುವ ಮಾತೂ ಇದೆ: ಚಿತ್ರವನ್ನು ಒಟ್ಟು ಪರಿಣಾಮದಿಂದ, ಅದು ಯಾವ ಕಾಲದ, ಯಾವ ಜನರ ಕಥೆಯೋ ಆ ಹಿನ್ನೆಲೆಯಲ್ಲಿ ನೋಡಬೇಕು. ಒಳಗೆ ಕರೆದಾಗ ಈ ಮಾತಿನ ಆಧಾರದ ಮೇಲೆ, ದೃಶ್ಯ ಕಥೆಗೆ ಯಾಕೆ ಬೇಕು ಎಂದು ಎರಡೇ ವಾಕ್ಯದಲ್ಲಿ ಹೇಳಲು ಸಿದ್ಧರಾಗಿ. ಬೇರೆ ಚಿತ್ರಗಳಿಗೆ ಬಿಟ್ಟಿದ್ದೀರಲ್ಲ ಎಂಬ ವಾದದಿಂದ ಏನೂ ಗಿಟ್ಟುವುದಿಲ್ಲ.

ಅಂಕಿ ಯಾವುದರಿಂದ ಏರುತ್ತದೆ ಎಂದು ಕೇಳಿದರೆ, ಹೊಡೆದಾಟದ ಸಂಖ್ಯೆಗಿಂತ ಕ್ಯಾಮೆರಾ ಗಾಯದ ಮೇಲೆ ಎಷ್ಟು ಹೊತ್ತು ನಿಂತಿದೆ ಅನ್ನುವುದು ಮುಖ್ಯವಾಗುತ್ತದೆ. ನೋಯುವವರು ಮಕ್ಕಳಾಗಿದ್ದರೆ, ಆತ್ಮಹತ್ಯೆಯ ವಿಧಾನ ಹಂತ ಹಂತವಾಗಿ ಕಂಡರೆ, ಡ್ರಗ್ಸ್ ತಗೊಂಡ ನಾಯಕನನ್ನು ಚಿತ್ರವೇ ಮೆಚ್ಚಿಕೊಂಡಂತಿದ್ದರೆ, ಹೆಣ್ಣಿನ ಮೇಲಿನ ದೌರ್ಜನ್ಯ ವಿವರವಾಗಿದ್ದರೆ 13+ ಕೇಳುವುದೇ ತಪ್ಪು.

ಸಮಿತಿಯ ನಿರ್ಧಾರ ಪೋರ್ಟಲ್‌ನಲ್ಲಿ ಪತ್ರವಾಗಿ ಬರುತ್ತದೆ. ಕಟ್ ಇಲ್ಲದೆ ಎ ತಗೊಳ್ಳಬಹುದು, ಇಷ್ಟು ಕಟ್ ಒಪ್ಪಿದರೆ ಯುಎ 16+ ಎಂಬ ಆಯ್ಕೆ ಸಿಗುವುದುಂಟು. ಇಲ್ಲಿ ಲೆಕ್ಕ ಸ್ಪಷ್ಟವಾಗಿರಲಿ. ಹಣದ ದೃಷ್ಟಿಯಿಂದ ದೊಡ್ಡ ಗೆರೆ ಇರುವುದು ಎ ಮತ್ತು ಯುಎ ನಡುವೆ. ಎ ಆದರೆ ಕುಟುಂಬದ ಪ್ರೇಕ್ಷಕರು ಹೋದರು, ಟಿವಿಗೆ ಬೇರೆಯಾಗಿ ಪ್ರಮಾಣಪತ್ರ ಮಾಡಿಸುವವರೆಗೆ ಚಾನೆಲ್‌ನಲ್ಲಿ ತೋರಿಸುವಂತಿಲ್ಲ. 13+ ಮತ್ತು 16+ ನಡುವೆ ಗೇಟಿನಲ್ಲಿ ಒಬ್ಬರೂ ಕಡಿಮೆಯಾಗುವುದಿಲ್ಲ. ಹೀಗಿರುವಾಗ 13+ ಬೇಕೆಂದು ಕ್ಲೈಮ್ಯಾಕ್ಸನ್ನು ಕತ್ತರಿಸಿ ಕುಂಟಾಗಿಸುವುದಕ್ಕಿಂತ 16+ ಒಪ್ಪಿ ಚಿತ್ರವನ್ನು ಇಡಿಯಾಗಿ ಉಳಿಸಿಕೊಳ್ಳುವುದು ಮೇಲು. ಹೆತ್ತವರಿಗೂ ಸರಿಯಾದ ಸೂಚನೆ ಸಿಗುತ್ತದೆ.

ಕಟ್ ಒಪ್ಪಿದ ಮೇಲೆ ಕೆಲಸ ಎಡಿಟರಿನದ್ದು, ಸೌಂಡ್ ಎಂಜಿನಿಯರಿನದ್ದು. 'ಈ ಹಿಂಸೆಯ ದೃಶ್ಯ ಶೇ. 50 ಕಡಿಮೆ ಮಾಡಿ' ಎಂದು ಬಂದರೆ ಅಂದಾಜಿನಲ್ಲಿ ಕತ್ತರಿಸಬೇಡಿ. ಆ ಶಾಟುಗಳ ಮೊತ್ತ 18 ಸೆಕೆಂಡಾದರೆ ಉಳಿಯಬೇಕಾದದ್ದು 9. ರೀಲ್ ಸಂಖ್ಯೆ, ಶುರುವಾಗುವ ಟೈಮ್‌ಕೋಡ್ (ಗಂಟೆ, ನಿಮಿಷ, ಸೆಕೆಂಡು, ಫ್ರೇಮಿನ ಗುರುತು), ಮುಗಿಯುವ ಟೈಮ್‌ಕೋಡ್, ಮೊದಲಿನ ಅವಧಿ, ಈಗಿನ ಅವಧಿ, ತೆಗೆದದ್ದೆಷ್ಟು, ಬದಲಾಗಿ ಹಾಕಿದ್ದೇನು ಎಂದು ಒಂದು ಪಟ್ಟಿ ಮಾಡಿ ಜೊತೆಗೆ ಕೊಟ್ಟರೆ ಪರಿಶೀಲಿಸುವ ಅಧಿಕಾರಿಗೂ ಸುಲಭ. ಕಟ್‌ಗಳನ್ನು ಚಿತ್ರದ ಕೊನೆಯಿಂದ ಶುರು ಮಾಡಿ ಹಿಂದಕ್ಕೆ ಬನ್ನಿ. ಮೊದಲಿನಿಂದ ಶುರು ಮಾಡಿದರೆ ಪ್ರತಿ ಕಟ್‌ಗೂ ಮುಂದಿನ ಟೈಮ್‌ಕೋಡುಗಳೆಲ್ಲ ಸರಿದು, ಪತ್ರದಲ್ಲಿರುವ ಸಂಖ್ಯೆಗೂ ಟೈಮ್‌ಲೈನಿಗೂ ತಾಳೆಯಾಗುವುದಿಲ್ಲ. ಸಾಧ್ಯವಿದ್ದಲ್ಲಿ ಅಳಿಸುವ ಬದಲು ಅಷ್ಟೇ ಉದ್ದದ ಬೇರೆ ಕೋನದ ಶಾಟ್ ಹಾಕಿ. ಹಿನ್ನೆಲೆ ಸಂಗೀತ ಎಗರುವುದಿಲ್ಲ, ಸಬ್‌ಟೈಟಲ್ ಸರಿಯುವುದಿಲ್ಲ. ಹಾಗೆ ಹಾಕಿದ್ದನ್ನೂ ತಿಳಿಸಿ ಒಪ್ಪಿಗೆ ಪಡೆಯಲೇಬೇಕು.

ಮ್ಯೂಟ್ ಸುಲಭವೆಂದು ಕಾಣುತ್ತದೆ, ಎಡವುವುದು ಅಲ್ಲೇ ಹೆಚ್ಚು. ಆರು ಚಾನೆಲ್‌ಗಳ 5.1 ಮಿಕ್ಸಿನಲ್ಲಿ ಸಂಭಾಷಣೆ ಮಧ್ಯದ ಚಾನೆಲ್‌ನಲ್ಲಿರುತ್ತದೆ. ಅದೊಂದನ್ನು ಇಳಿಸಿ ಸುಮ್ಮನಾದರೆ ಆ ಮಾತಿನ ಪ್ರತಿಧ್ವನಿ ಎಡ, ಬಲ, ಸರೌಂಡ್ ಚಾನೆಲ್‌ಗಳಲ್ಲಿ ತೆಳುವಾಗಿ ಉಳಿದು ದೊಡ್ಡ ಥಿಯೇಟರಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಪೂರ್ತಿ ಮಿಕ್ಸ್ ಇಳಿಸಿದರೆ ಹಿನ್ನೆಲೆಯ ಮಳೆ, ಸಂಗೀತವೂ ಒಂದು ಕ್ಷಣ ಸತ್ತು ಪ್ರೇಕ್ಷಕರ ಗಮನ ಅಲ್ಲಿಗೇ ಹೋಗುತ್ತದೆ. ಮಿಕ್ಸಿಂಗ್ ಪ್ರಾಜೆಕ್ಟಿಗೆ ವಾಪಸ್ ಹೋಗಿ ಸಂಭಾಷಣೆಯ ಟ್ರ್ಯಾಕನ್ನು ಅದರ ರಿವರ್ಬ್ ಸಮೇತ ತೆಗೆದು ಮತ್ತೆ ಮಿಕ್ಸ್ ತೆಗೆಯುವುದೇ ಸರಿಯಾದ ದಾರಿ. ಸಬ್‌ಟೈಟಲಿನಲ್ಲಿ ಆ ಪದ ಹಾಗೇ ಉಳಿದರೆ ಮ್ಯೂಟ್ ಆಗಿಲ್ಲ ಎಂದೇ ಲೆಕ್ಕ.

ಇಸಿಯ ನಿರ್ಧಾರ ಒಪ್ಪಿಗೆಯಾಗದಿದ್ದರೆ ಪುನರ್‌ಪರಿಶೀಲನಾ ಸಮಿತಿ, ಆರ್‌ಸಿ, ಇದೆ. ಮೊದಲು ನೋಡಿದ ಸದಸ್ಯರು ಇದರಲ್ಲಿ ಇರುವುದಿಲ್ಲ. ಮೊದಲ ಆವೃತ್ತಿಯನ್ನೇ ತೋರಿಸಬೇಕು, ಮಧ್ಯೆ ಸದ್ದಿಲ್ಲದೆ ಬದಲಾಯಿಸುವಂತಿಲ್ಲ. ಅದರ ನಂತರ 2021ರ ಏಪ್ರಿಲ್‌ವರೆಗೆ ದೆಹಲಿಯ ಮೇಲ್ಮನವಿ ನ್ಯಾಯಮಂಡಳಿ ಇತ್ತು. ಅದನ್ನು ರದ್ದು ಮಾಡಿದ ಮೇಲೆ ನೇರ ಹೈಕೋರ್ಟ್. ಸಣ್ಣ ನಿರ್ಮಾಪಕರಿಗೆ ಇದು ದೊಡ್ಡ ನಷ್ಟವೆಂದೇ ನಮ್ಮ ಅಭಿಪ್ರಾಯ, ಸಿನಿಮಾ ಬಲ್ಲವರ ಮುಂದೆ ಕಡಿಮೆ ಖರ್ಚಿನಲ್ಲಿ ವಾದಿಸುವ ಜಾಗ ಅದಾಗಿತ್ತು. ಒಂದು ಒಳ್ಳೆಯ ಬದಲಾವಣೆಯೂ ಆಗಿದೆ. ಪ್ರಮಾಣಪತ್ರ ಸಿಕ್ಕ ಚಿತ್ರವನ್ನು ಕೇಂದ್ರ ಸರ್ಕಾರ ಮತ್ತೆ ಪರಿಶೀಲಿಸುವ ಅಧಿಕಾರ ಹಿಂದೆ ಇತ್ತು. ಅದು ಸಲ್ಲದು ಎಂದು ಕೆ.ಎಂ. ಶಂಕರಪ್ಪ ಅವರ ಪ್ರಕರಣದಲ್ಲಿ ಮೊದಲು ಕರ್ನಾಟಕ ಹೈಕೋರ್ಟ್, ನಂತರ 2000ರಲ್ಲಿ ಸುಪ್ರೀಂ ಕೋರ್ಟ್ ಹೇಳಿದವು. 2023ರ ತಿದ್ದುಪಡಿ ಆ ಅಧಿಕಾರವನ್ನು ಕಾಯ್ದೆಯಿಂದಲೇ ತೆಗೆದುಹಾಕಿತು. ಹತ್ತು ವರ್ಷಕ್ಕೊಮ್ಮೆ ನವೀಕರಿಸುವ ಕಟ್ಟಳೆಯೂ ಹೋಗಿ, ಪ್ರಮಾಣಪತ್ರ ಈಗ ಶಾಶ್ವತ.

ಪ್ರಮಾಣಪತ್ರದಲ್ಲಿ ಎರಡು ಭಾಗ. ಮೊದಲನೆಯದರಲ್ಲಿ ಚಿತ್ರದ ಹೆಸರು, ಭಾಷೆ, ಅವಧಿ, ವರ್ಗ, ಸಂಖ್ಯೆ. ಎರಡನೆಯದರಲ್ಲಿ ಮಾಡಿದ ಕಟ್, ಬದಲಾವಣೆಗಳ ಪಟ್ಟಿ. ಪ್ರತಿಯೊಂದು ಅಕ್ಷರವನ್ನೂ ಅಲ್ಲೇ ಓದಿ, ಹೆಸರಿನ ಕಾಗುಣಿತ ಪೋಸ್ಟರಿನ ಜೊತೆ ಹೊಂದದಿದ್ದರೆ ಆಗಲೇ ತಿದ್ದಿಸಿ. ಚಿತ್ರದ ತಲೆಗೆ ಇದನ್ನು 10 ಸೆಕೆಂಡು, ಅಂದರೆ 240 ಫ್ರೇಮು, ತೋರಿಸುತ್ತೇವೆ. ಹಾಳೆ ಉದ್ದನೆಯದು, ತೆರೆ ಅಗಲದ್ದು. ಎಳೆದು ಅಗಲ ಮಾಡಬೇಡಿ, ಪೂರ್ತಿ ಎತ್ತರಕ್ಕೆ ಇಟ್ಟು ಎರಡೂ ಬದಿ ಕಪ್ಪು ಬಿಡಿ. ಪ್ರಮಾಣಪತ್ರ, ತಂಬಾಕು ಸಂದೇಶ, ಕೃತಜ್ಞತೆ ಇವೆಲ್ಲವನ್ನೂ ಮೊದಲಿನಿಂದಲೇ ಪ್ರತ್ಯೇಕ ರೀಲ್ ಮಾಡಿಟ್ಟರೆ ಕೊನೆಗೆ ಆ ಚಿಕ್ಕ ರೀಲ್ ಒಂದನ್ನೇ ಹೊಸದಾಗಿ ಮಾಡಿ ವರ್ಷನ್ ಫೈಲ್ ಆಗಿ, ಅಂದರೆ ಬದಲಾದ ಭಾಗವಷ್ಟೇ ಇರುವ ಡಿಸಿಪಿಯಾಗಿ, ಕಳಿಸಬಹುದು. ಇಲ್ಲದಿದ್ದರೆ 10 ಸೆಕೆಂಡಿಗಾಗಿ ಇಡೀ ಮೊದಲ ರೀಲ್ ಮತ್ತೆ ಮಾಡಬೇಕಾಗುತ್ತದೆ.

ನಮ್ಮ ಪ್ರಮಾಣಪತ್ರದಲ್ಲಿ ಒಂದು ಕೊರತೆ ನಮ್ಮನ್ನು ನಿಜವಾಗಿ ಬೇಸರಪಡಿಸುತ್ತದೆ. 16+ ಯಾಕೆ ಬಂತು ಅನ್ನುವುದು ಪ್ರೇಕ್ಷಕರಿಗೆ ಅದರಲ್ಲಿ ಕಾಣುವುದಿಲ್ಲ. ಒಟಿಟಿಗಳಿಗೆ 2021ರ ಐಟಿ ನಿಯಮಗಳು ಅದೇ ಯು, 7+, 13+, 16+, ಎ ಗುರುತುಗಳ ಜೊತೆಗೆ ಹಿಂಸೆ, ಭಾಷೆ, ಭಯ ಎಂಬಂಥ ಕಾರಣವನ್ನೂ ತೋರಿಸಬೇಕೆಂದು ಹೇಳುತ್ತವೆ. 13+ ಮತ್ತು ಅದರ ಮೇಲಿನದಕ್ಕೆ ಪೋಷಕರ ಲಾಕ್ ಕೊಡಲೇಬೇಕು. ಆದರೆ ಅಲ್ಲಿ ಗುರುತು ಹಾಕುವುದು ಮಂಡಳಿಯಲ್ಲ, ಆ ಸಂಸ್ಥೆಯೇ. ಹಾಗಾಗಿ ಥಿಯೇಟರಿನಲ್ಲಿ 13+ ಇದ್ದ ಚಿತ್ರ ಮೊಬೈಲಿನಲ್ಲಿ 16+ ಆಗಿ ಕಂಡರೆ ಗಾಬರಿಯಾಗಬೇಕಿಲ್ಲ, ಕತ್ತರಿಸದ ಆವೃತ್ತಿ ಅಲ್ಲಿರಬಹುದು. ಥಿಯೇಟರಿಗೆ ಹೋಗುವ ಮುಂಚೆ ಹೆತ್ತವರು ಮಾಡಬಹುದಾದದ್ದು ಟ್ರೇಲರ್ ನೋಡುವುದು ಮತ್ತು ಮೊದಲ ದಿನ ನೋಡಿಬಂದ ಪರಿಚಯದವರನ್ನು ಕಾರಣ ಕೇಳುವುದು. ಟ್ರೇಲರಿಗೂ ಪ್ರತ್ಯೇಕ ಪ್ರಮಾಣಪತ್ರ ಇರುತ್ತದೆ, ಅದರ ಗುರುತು ಆ ಎರಡು ನಿಮಿಷಕ್ಕೆ ಮಾತ್ರ ಸಂಬಂಧಪಟ್ಟದ್ದು.

ಬಿಡುಗಡೆಯಾದ ಮೇಲೆ ಚಿತ್ರ ಉದ್ದವಾಯಿತೆಂದು ಹತ್ತು ನಿಮಿಷ ತೆಗೆಯುವುದು ಈಗ ಸಾಮಾನ್ಯ. ತೆಗೆಯುವುದಿರಲಿ, ಹಾಡು ಸೇರಿಸುವುದಿರಲಿ, ಮಂಡಳಿಗೆ ತಿಳಿಸಿ ಪ್ರಮಾಣಪತ್ರದಲ್ಲಿ ನಮೂದಿಸಿಕೊಂಡ ಮೇಲೆಯೇ ಹೊಸ ಫೈಲು ಥಿಯೇಟರಿಗೆ ಹೋಗಬೇಕು. ಪ್ರಮಾಣಪತ್ರಕ್ಕೆ ಹೊಂದದ ಚಿತ್ರ ತೋರಿಸುವುದಕ್ಕೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ಗೋವಾದ ಇಫಿಯಂಥ ಚಿತ್ರೋತ್ಸವಕ್ಕೆ ಮಾಹಿತಿ ಮತ್ತು ಪ್ರಸಾರ ಸಚಿವಾಲಯದ ವಿನಾಯಿತಿ ಇರುತ್ತದೆ, ಪ್ರಮಾಣಪತ್ರವಿಲ್ಲದ ಚಿತ್ರವೂ ಅಲ್ಲಿ ಓಡಬಹುದು. ಆ ವಿನಾಯಿತಿ ಉತ್ಸವದ ಜೊತೆಗೇ ಮುಗಿಯುತ್ತದೆ. ಇಫಿಯಲ್ಲಿ ತೋರಿಸಿ ಬಂದ ಚಿತ್ರವನ್ನು ಮುಂಬೈಯ ಕನ್ನಡ ಸಂಘವೊಂದರ ಸಭಾಂಗಣದಲ್ಲಿ ಸಾರ್ವಜನಿಕರಿಗೆ ತೋರಿಸಬೇಕೆಂದರೆ, ಟಿಕೆಟ್ ಇರಲಿ ಬಿಡಲಿ, ಪ್ರಮಾಣಪತ್ರ ಬೇಕು. ಕಾರ್ಯಕ್ರಮದ ಆಹ್ವಾನ ಪತ್ರಿಕೆ ಅಚ್ಚಿಗೆ ಕೊಡುವ ಮುಂಚೆ ನಿರ್ಮಾಪಕರಿಂದ ಅದರ ಪ್ರತಿ ತರಿಸಿಕೊಂಡು, ವರ್ಗ ಮತ್ತು ಅಂಕಿಯನ್ನು ಚಿತ್ರದ ಹೆಸರಿನ ಪಕ್ಕದಲ್ಲೇ ಅಚ್ಚು ಹಾಕಿಸಿ.